ಹತ್ತೊಂಬತ್ತು ವರ್ಷದ ದುಭಾಷಿ

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಅಭಿರಾಮ ತಲೆಯೆತ್ತಿ, ಗೇಟಿನ ಬಳಿ ನಿಂತಿದ್ದ ಹೆಂಗಸನ್ನು ಯಾರೆಂದು ಕೇಳಿದ. ಹೆಸರು ಮಧುಶ್ರೀ. ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಕೊಡುವ ವಿಕಿರಣದ ಪ್ರಮಾಣವನ್ನು ತಾಳೆ ನೋಡುವವಳು. ಸುಂದರೇಶ ಸರ್ ನಿನ್ನೆಯಿಂದ ಫೋನ್ ಎತ್ತುತ್ತಿಲ್ಲವೆಂದು ವಿಳಾಸ ಹುಡುಕಿಕೊಂಡು ಶ್ರೀರಾಂಪುರಕ್ಕೆ ಬಂದಿದ್ದಳು.

ಅಣ್ಣನಿಗೆ ನಿನ್ನೆ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತಲ್ಲೇ ಹೃದಯಾಘಾತವಾಯಿತೆಂದು ಅಭಿರಾಮ ಹೇಳಿದ.

ಗಂಡಸರು ಶವ ಹೊತ್ತು ಬೆಟ್ಟದ ತಪ್ಪಲಿನ ಸ್ಮಶಾನಕ್ಕೆ ಹೊರಟರು. ಮಧುಶ್ರೀ ಹೋಗಲಿಲ್ಲ. ಸುಂದರೇಶನ ಹೆಂಡತಿ ಮಾಲವಿಕಾಳ ಪಕ್ಕ ಕೂತು, ಸರ್ ಮಾಡುತ್ತಿದ್ದ ಕೆಲಸ ಇನ್ಯಾರಿಗಾದರೂ ಗೊತ್ತಿದೆಯೇ ಎಂದು ಅಳುಕುತ್ತ ಕೇಳಿದಳು.

“ಅದೇನು ಕೆಲಸ ಅಂತ ನನಗೇ ಗೊತ್ತಿಲ್ಲ ಕಣಮ್ಮ. ಹತ್ತೊಂಬತ್ತು ವರ್ಷ ಕೇಳಿ ಕೇಳಿ ಬಿಟ್ಬುಟ್ಟೆ,” ಎಂದಳು ಮಾಲವಿಕಾ.

*

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮುಗಿಸಿ ಬಂದು ಸುಂದರೇಶ ಕಂಪ್ಯೂಟರಿನ ಮುಂದೆ ಕೂರುತ್ತಿದ್ದುದು ಆ ಕೆಲಸಕ್ಕೇ. ವಿಕಿರಣದ ಲೆಕ್ಕ ಮಾಡುವ ದೊಡ್ಡ ತಂತ್ರಾಂಶವೊಂದನ್ನು ಹೊರದೇಶದ ಗುಂಪೊಂದು ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದಿತ್ತು. ಬಳಸುವವರಿಗೆ ಬರುತ್ತಿದ್ದುದು ಪೈಥಾನ್ ಎಂಬ ಈಚಿನ ಭಾಷೆ. ನಡುವೆ ದುಭಾಷಿಯಾಗಿ ನಿಲ್ಲುವ ಕೋಡ್ ಇವನದು. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುವುದು, ಅವರು ಏನಾದರೂ ಬದಲಿಸುವರು, ಇವನದು ಮುರಿಯುವುದು. ಬಳಸುವವರ ಬೈಗುಳವೂ ಇವನಿಗೇ.

ಹೋದ ವಾರ ಬಂದ ಆವೃತ್ತಿಯಲ್ಲಿ ಅದು ಮುರಿಯಲೂ ಇಲ್ಲ. ಎರಡು ಅಂಕಿಗಳನ್ನು ಕೊಡುವ ಕ್ರಮವನ್ನು ಅವರು ಅದಲುಬದಲು ಮಾಡಿದ್ದರು. ಲೆಕ್ಕ ಸಲೀಸಾಗಿ ಓಡಿ ತಪ್ಪು ಉತ್ತರ ಕೊಡುತ್ತಿತ್ತು. ಸುಂದರೇಶ ದೂರು ಬರೆದ. ನಮ್ಮ ಕಡೆ ಎಲ್ಲ ಸರಿಯಿದೆ ಎಂದು ಅವರು ಅದನ್ನು ಮುಚ್ಚಿದರು.

“ಯಾರೂ ಕೇಳಿಸ್ಕೊಳ್ಳೋದೇ ಇಲ್ಲ ಕಣೆ,” ಎಂದ ಹೆಂಡತಿಗೆ.

ಮಾಲವಿಕಾ ತಟ್ಟೆ ಹಾಕಿದ್ದೇನೆ ಎಂದಳಷ್ಟೆ.

*

“ಹೊಸದು ಹಾಕ್ಬೇಡಿ ಅಂತ ಸರ್ ಎಲ್ರಿಗೂ ಬರೆದಿದ್ರು, ನಾವು ಹಾಕಲಿಲ್ಲ,” ಎಂದಳು ಮಧುಶ್ರೀ. “ಹಾಕಿದ್ದಿದ್ರೆ ಪೇಷಂಟ್‌ಗಳ ಗತಿ ಏನಾಗ್ತಿತ್ತೋ ಮೇಡಂ.” ಆದರೆ ಎಷ್ಟೋ ಆಸ್ಪತ್ರೆಗಳಲ್ಲಿ ಹೊಸ ಆವೃತ್ತಿಯನ್ನು ಆಗಲೇ ಹಾಕಿಬಿಟ್ಟಿದ್ದರು. ಸರ್ ಮಾಡುತ್ತಿದ್ದ ದುರಸ್ತಿ ಎಲ್ಲಿಯವರೆಗೆ ಬಂದಿತ್ತೆಂದು ಅವಳಿಗೆ ತಿಳಿಯಬೇಕಿತ್ತು.

ಮಾಲವಿಕಾ ಗಂಡನ ಲ್ಯಾಪ್‌ಟಾಪ್ ತಂದಳು. ಪಾಸ್‌ವರ್ಡ್ ಗೊತ್ತಿರಲಿಲ್ಲ. ಕೋಡ್ ಇಂಟರ್ನೆಟ್ಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದೆಂದು ಮಧುಶ್ರೀ ತನ್ನ ಲ್ಯಾಪ್‌ಟಾಪಿನಲ್ಲೇ ತೆರೆದಳು. ಇಂಗ್ಲಿಷ್ ಸಾಲುಗಳ ನಡುವೆ ಅಲ್ಲಲ್ಲಿ ಕನ್ನಡದ ಟಿಪ್ಪಣಿಗಳಿದ್ದವು.

‘೨೦೧೪. ಮತ್ತೆ ಹೆಸರು ಬದಲಿಸಿದ್ದಾರೆ. ಕಾರಣ ಹೇಳಿಲ್ಲ.’

‘೨೦೧೭. ನಾಲ್ಕನೇ ಸಲ ಇದನ್ನೇ ಬರೆಯುತ್ತಿದ್ದೇನೆ. ಇವತ್ತು ಊಟಿಗೆ ಹೋಗಬೇಕಿತ್ತು. ಮಾಲವಿಕಾ ಮಾತು ಬಿಟ್ಟಿದ್ದಾಳೆ. ಅವಳದೇ ಸರಿ.’

ಮಧುಶ್ರೀ ಮುಜುಗರಪಟ್ಟು ಪರದೆ ಸರಿಸಹೊರಟಳು. ಮಾಲವಿಕಾ ಅವಳ ಕೈ ಹಿಡಿದಳು.

“ಇರು. ಇದನ್ನ ನನಗೆ ಹೇಳ್ಬಹುದಿತ್ತಲ್ಲ ಈ ಮನುಷ್ಯ,” ಎಂದಳು. ದನಿಯಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. “ಮೊದಲಿಂದ ಓದು.”

ಕೊನೆಯದು ನಿನ್ನೆ ಬೆಳಿಗ್ಗೆ ಆರೂವರೆಯದು: ‘ಹದಿನಾಲ್ಕು ಪರೀಕ್ಷೆಗಳಲ್ಲಿ ಹನ್ನೊಂದು ಸರಿಬಂದಿವೆ.’ ಕೋಡಿನ ಲೆಕ್ಕ ಸರಿಯೇ ಎಂದು ತಾಳೆ ನೋಡುವ ಉಳಿದ ಮೂರು ಪರೀಕ್ಷೆಗಳನ್ನು ಮಧುಶ್ರೀ ಒಂದೊಂದಾಗಿ ನಡೆಸಿ ನೋಡತೊಡಗಿದಳು. ಪ್ರತಿ ಸಲವೂ ತಪ್ಪೆಂದು ಕೆಂಪು ಸಾಲು ಬಂತು. ಪಕ್ಕದಲ್ಲಿ ಮಾಲವಿಕಾ ಕನ್ನಡಕ ಏರಿಸಿ, ಅರ್ಥವಾಗದಿದ್ದರೂ ಆ ಸಾಲುಗಳನ್ನು ನೋಡುತ್ತಿದ್ದಳು.

ಸ್ಮಶಾನದಿಂದ ಬಂದ ಗಂಡಸರು ಒದ್ದೆ ಪಂಚೆಯಲ್ಲೇ ಗೇಟಿನ ಹೊರಗೆ ನಿಂತಿದ್ದರು. ಕಾಲಿಗೆ ನೀರು ಕೊಡಿ ಎಂದು ಅಭಿರಾಮ ಎರಡು ಸಲ ಅತ್ತಿಗೆಯನ್ನು ಕೂಗಿದ. ಒಳಗೆ ಪರದೆಯ ಮೇಲೆ ಬಗ್ಗಿದ್ದ ಎರಡು ತಲೆಗಳೂ ಏಳಲಿಲ್ಲ.