ಅಂಟುವಾಳದಲ್ಲಿ ತೊಳೆದ ಕಂಬಳಿ

ದೀಪಾವಳಿಯ ಪಾಡ್ಯದ ದಿನ ಮಾವ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದರು. ಅಂಟುವಾಳದ ವಾಸನೆ ಬಂತು. ಅದನ್ನು ಯಾರೋ ತೊಳೆದಿದ್ದರು.

ಕಂಬಳಿ ನನ್ನ ಗಂಡ ಮಹೇಶ್ವರಪ್ಪನವರದು. ಹಿಂದಿನ ವರ್ಷ ಅದೇ ಪಾಡ್ಯದ ದಿನ ಅವರು ತೀರಿಕೊಂಡಿದ್ದರು.

ಶಿರಾಳಕೊಪ್ಪದ ಹತ್ತಿರದ ನಮ್ಮೂರಿನಲ್ಲಿ ಪಾಡ್ಯಕ್ಕೆ ಹೋರಿ ಬಿಡುತ್ತಾರೆ. ಕೊಂಬಿಗೂ ಕೊರಳಿಗೂ ಕೊಬ್ಬರಿ ಸರ ಕಟ್ಟಿ, ಜನ ತುಂಬಿದ ಓಣಿಯೊಳಗೆ ಓಡಿಸುತ್ತಾರೆ. ಸರ ಕೀಳಲು ಗಟ್ಟಿಗರು ಮೇಲೆ ಬೀಳುತ್ತಾರೆ. ಎಲ್ಲ ಸರ ಉಳಿಸಿಕೊಂಡು ದಾಟಿದ ಹೋರಿ ಗೆದ್ದಂತೆ. ಸೊರಬದ ಸಾಹುಕಾರ ಸದಾಶಿವಪ್ಪನವರಿಗೆ ಏಳು ಹೋರಿ, ಹೆಂಚಿನ ಕೊಟ್ಟಿಗೆ, ನಾಲ್ಕು ಆಳು. ಅವರ ಹೋರಿಗಳು ಲಾರಿಯಲ್ಲಿ ಬರುತ್ತಿದ್ದವು. ಓಡುವಾಗ ಎರಡೂ ಪಕ್ಕದಲ್ಲಿ ದೊಣ್ಣೆ ಹಿಡಿದ ಅವರ ಜನ. ದಾಟಿದ ಮೇಲೆ ಹಿಡಿಯಲು ಹಗ್ಗ ಹಿಡಿದ ಎಂಟು ಮಂದಿ.

ನಮ್ಮದು ಒಂದೇ ಹೋರಿ, ಮಲ್ಲ. ಮನೆಯ ಹಸುವಿನ ಕರು. ನನ್ನವರು ಹುರುಳಿ ಬೇಯಿಸಿ ಹಾಕಿ ಬೆಳೆಸಿದ್ದರು. ನಮ್ಮಂಥವರಿಗೆ ಹಗ್ಗ ಹಿಡಿಯುವ ಜನ ಇರುವುದಿಲ್ಲ. ಓಣಿಯ ಕೊನೆಯಲ್ಲಿ, ಕೆರೆ ಏರಿಯ ಕೆಳಗೆ, ಸಾಕಿದವನೊಬ್ಬ ಬರಿಗೈಯಲ್ಲಿ ನಿಲ್ಲಬೇಕು. ಬೆದರಿ ಬರುವ ಹೋರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ಉಳಿಯುವುದು ಮೂಗೊಂದೇ ಎಂದು ಅವರು ಹೇಳುತ್ತಿದ್ದರು. ತನ್ನವರ ವಾಸನೆ ಸಿಕ್ಕರೆ ನಿಲ್ಲುತ್ತದೆ.

ನಾನು ಮೈಸೂರಿನಲ್ಲಿ ಬಿ.ಎ. ಓದಿದವಳು. ರಾಜ್ಯ ಒಂದಾದ ಮರುವರ್ಷ ನಮ್ಮ ಮದುವೆಯಾಯಿತು. ಮೊದಲ ದೀಪಾವಳಿಗೆ ತವರಿನಿಂದ ಅಳಿಯನಿಗೆ ಜರಿಯಂಚಿನ ಧೋತ್ರ, ಪಾಪ್ಲಿನ್ ಅಂಗಿ ಬಂದವು. ಹೋರಿ ಓಡಿದ ಮೇಲೆ ಹಾಕಿಕೊಳ್ಳುತ್ತೇನೆ ಎಂದರು. ಊರೆಲ್ಲ ನೋಡುವುದು ಈಗಲೇ, ಈಗಲೇ ಹಾಕಿಕೊಳ್ಳಿ ಎಂದೆ. ನಕ್ಕು ಹಾಕಿಕೊಂಡರು. ಹೊಸ ಬಟ್ಟೆಯ ಗಂಜಿ ವಾಸನೆ ಇನ್ನೂ ಬಿಟ್ಟಿರಲಿಲ್ಲ.

ಮಲ್ಲ ನಿಲ್ಲಲಿಲ್ಲ.

ಸಾಹುಕಾರರ ಕಡೆಯವರು ಹೋರಿಯ ಕಾಲಡಿ ಪಟಾಕಿ ಎಸೆದದ್ದರಿಂದ ಹೀಗಾಯಿತು ಎಂದು ಊರು ಹೇಳಿತು. ಎಸೆದದ್ದು ನಿಜ. ಪ್ರತಿ ವರ್ಷವೂ ಎಸೆಯುತ್ತಿದ್ದರು. ಹೊಸ ಅಂಗಿಯ ಮಾತು ನಾನು ಎತ್ತಲಿಲ್ಲ.

ಆಮೇಲೆ ಮಲ್ಲ ಮೇವು ಮುಟ್ಟಲಿಲ್ಲ. ಮೂರನೆಯ ದಿನ ನಾನು ಅವರ ಕಂಬಳಿ ಹೊದ್ದು ಮೇವಿನ ಬಾನಿ ಮುಂದಿಟ್ಟೆ. ತಿಂದಿತು. ಅಂದಿನಿಂದ ವರ್ಷವಿಡೀ, ಕೊಟ್ಟಿಗೆಗೆಂದೇ ಇಟ್ಟ ಹಳೆಯ ಸೀರೆ ಉಟ್ಟು, ಮೇಲೆ ಆ ಕಂಬಳಿ ಹೊದ್ದು ಮೇವು ಹಾಕಿದೆ. ಒಂದು ದಿನವೂ ಹೆದರದೆ ಅದರ ಹತ್ತಿರ ಹೋಗಲಿಲ್ಲ.

ಒಡೆಯನನ್ನು ತಿಂದ ಹೋರಿ ನಿಮ್ಮ ಮನೆಗೆ ಬೇಡ, ನಮಗೆ ಕೊಡಿ ಎಂದು ಸಾಹುಕಾರರು ಎರಡು ಸಲ ಹೇಳಿ ಕಳಿಸಿದ್ದರು. ಮಾವ ಉಚ್ಚಂಗಪ್ಪನವರು ಒಪ್ಪಲಿಲ್ಲ. ಮಗನ ಹೋರಿ ಮಗನ ಊರಲ್ಲೇ ಓಡಬೇಕು, ಕೊನೆಯಲ್ಲಿ ತಾನೇ ನಿಲ್ಲುತ್ತೇನೆ ಎಂದರು. ಅವರಿಗೆ ಅರವತ್ತು ದಾಟಿತ್ತು. ಅತ್ತೆ ಅತ್ತರು. “ಕಂಬಳಿ ನಿಲ್ತೈತಿ. ನಾನು ಅದ್ರೊಳಗೆ ಇರ್ತೀನಿ, ಅಷ್ಟೆ,” ಎಂದಿದ್ದರು ಮಾವ.

ಆ ಕಂಬಳಿಯಲ್ಲಿ ಈಗ ಅಂಟುವಾಳದ ವಾಸನೆ.

ಒಳಗೆ ಹೋಗಿ ಅತ್ತೆ ಮಾಸ್ತಮ್ಮನವರನ್ನು ಕೇಳಿದೆ. ವರ್ಷದ ದಿನ ಮಗನ ವಸ್ತು ಮಡಿಯಾಗಿರಲಿ ಎಂದು ನಿನ್ನೆ ಬೆಳಿಗ್ಗೆ ತಾನೇ ಒಗೆದು ಒಣಗಿಸಿದೆ ಎಂದರು. ಓಡುವ ಹೋರಿಗೆ ಹಿಂದಿನ ದಿನದಿಂದ ಮೇವು ಹಾಕುವುದಿಲ್ಲ. ಹಾಗಾಗಿ ನಾನು ಕಂಬಳಿ ಮುಟ್ಟಿರಲಿಲ್ಲ. ಮಾವನದು ನಶ್ಯದ ಮೂಗು, ಅವರಿಗೆ ಯಾವ ವಾಸನೆಯೂ ತಿಳಿಯದು. ಏಕೆ ಕೇಳಿದೆ ಎಂದು ಅತ್ತೆ ಕೇಳಿದರು. ಸುಮ್ಮನೆ ಎಂದೆ.

ಹೇಳಿದರೆ ಅಂಗಿಯ ವಿಷಯ ಹೇಳಬೇಕಾಗುತ್ತಿತ್ತು.

ನಡುಮನೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಓಣಿಯ ಕಡೆ ಹಲಗೆ ಬಡಿಯುವ ಸದ್ದು ಜೋರಾಯಿತು. ಸಾಹುಕಾರರ ಹೋರಿ ಬಿಟ್ಟಿದ್ದರು. ಮುಂದಿನದು ನಮ್ಮದು. ಕೊಟ್ಟಿಗೆಗೆ ಹೋಗಿ ಗೂಟದ ಮೇಲಿದ್ದ ಹಳೆಯ ಸೀರೆ ಎಳೆದುಕೊಂಡೆ. ಒಗೆಯಲು ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿತ್ತಿಲ ಹಾದಿಯಲ್ಲಿ ಓಡಿದೆ.

ಏರಿಯ ಕೆಳಗೆ ಮಾವ ಒಬ್ಬರೇ ದಾರಿಯ ನಡುವೆ ನಿಂತಿದ್ದರು. ಪಕ್ಕದಲ್ಲಿ ಸಾಹುಕಾರರ ಜನ ತಮ್ಮ ಹೋರಿಗೆ ಹಗ್ಗ ಬಿಗಿಯುತ್ತಿದ್ದರು. ಅದರ ಒಂದು ಸರವೂ ಹೋಗಿರಲಿಲ್ಲ.

“ಮಾವ, ಕಂಬಳಿ ತೆಗೀರಿ, ಈ ಕೊಟ್ಟಿಗೆ ಸೀರೆ ಹೊದ್ಕೊಳ್ಳಿ. ಅತ್ತೆ ತೊಳೆದುಬಿಟ್ಟಿದ್ದಾರೆ. ಅದ್ರಲ್ಲಿ ಅವ್ರ ವಾಸನೆ ಇಲ್ಲ.”

ಅವರು ಅದನ್ನು ಮೂಗಿಗೆ ಹಿಡಿದು ನೋಡಿದರು. “ನಂಗೇನೂ ಗೊತ್ತಾಗವಲ್ದು. ನೀ ಮನೀಗೆ ನಡಿ, ನೀಲವ್ವ. ಕಂಬಳಿ ಅದೇ ಐತಲ್ಲ, ಮಲ್ಲಂಗೆ ಗುರ್ತು ಸಿಗ್ತೈತಿ.”

ಓಣಿಯ ಆ ತುದಿಯಲ್ಲಿ ಪಕ್ಕದ ಮನೆಯ ಮಂಜಪ್ಪ ಮಲ್ಲನ ಮೂಗುದಾರ ಹಿಡಿದು ನಿಂತಿದ್ದು ಕಾಣುತ್ತಿತ್ತು.

“ಹೋದ ವರ್ಷ ಅವ್ರು ಹೊಸ ಅಂಗಿ ಹಾಕಿದ್ರು, ಮಾವ. ನಾನೇ ಹಾಕಿಸಿದ್ದು. ಮಲ್ಲ ನಿಲ್ಲದೇ ಹೋಗಿದ್ದು ಅದಕ್ಕೆ.”

ಮಾವ ನನ್ನ ಮುಖ ನೋಡಿದರು. ಪಟಾಕಿ ಸಿಡಿಯಿತು. ಜನ ಕೂಗಿದರು.

“ಸೀರೆ ಕೊಡು,” ಎಂದರು.

ಕಂಬಳಿ ನೆಲಕ್ಕೆ ಎಸೆದು, ಸೀರೆಯನ್ನು ತಲೆಯಿಂದ ಸುತ್ತಿಕೊಂಡರು. ಹಗ್ಗ ಹಿಡಿದವರಲ್ಲಿ ಒಬ್ಬ, “ಉಚ್ಚಂಗಪ್ಪಾರ, ಹೋರಿ ಹಿಡಿಯಾಕೆ ಬಂದೀರೋ, ಸೀರೆ ಉಡಾಕೆ ಬಂದೀರೋ?” ಎಂದ. ಉಳಿದವರು ನಕ್ಕರು. ಮಾವ ತಿರುಗಲಿಲ್ಲ. ಏರಿ ಹತ್ತು ಎಂದು ನನಗೆ ಕೈ ಮಾಡಿದರು. ಅವರ ಬೆನ್ನ ಹಿಂದೆಯೇ ನಿಂತುಬಿಟ್ಟೆ.

ಮೊದಲು ನೆಲ ಅದುರಿತು. ಜನ ಎರಡು ಪಾಲಾದರು. ಬಿಳಿ ಮೈ, ಮೇಲೆ ಕುಣಿಯುವ ಕೊಬ್ಬರಿ, ಕೊಂಬಿಗೆ ಜೋತುಬಿದ್ದ ಒಬ್ಬ. ಅವನನ್ನು ಒದರಿ ಎಸೆದು ಮಲ್ಲ ನೇರ ಬಂತು. ಅದರ ಕಣ್ಣಲ್ಲಿ ನಾವು ಇರಲಿಲ್ಲ. ಹಗ್ಗದವರ ನಗು ನಿಂತಿತು. ಮಾವ ಕರೆಯಲಿಲ್ಲ, ಎರಡೂ ಕೈ ಅಗಲಿಸಿದರು, ಅಷ್ಟೆ. ನಾನು ಕಣ್ಣು ಮುಚ್ಚಿದೆ.

ಗೊರಸು ಮಣ್ಣು ಕೆರೆದ ಸದ್ದು. ಮಾವನ ಬೆನ್ನು ಬಂದು ನನಗೆ ಬಡಿಯಿತು. ಇಬ್ಬರೂ ಎರಡು ಹೆಜ್ಜೆ ಹಿಂದೆ ಹೋದೆವು, ಬೀಳಲಿಲ್ಲ. ಕಣ್ಣು ಬಿಟ್ಟಾಗ ಮಲ್ಲ ತಲೆ ತಗ್ಗಿಸಿ ಸೀರೆಯೊಳಗೆ ಮೂತಿ ತೂರಿಸಿ ಏದುಸಿರು ಬಿಡುತ್ತಿತ್ತು. ಎಡಗೊಂಬಿನ ಸರ ಹೋಗಿತ್ತು. ಗೆದ್ದದ್ದು ಸಾಹುಕಾರರ ಹೋರಿಯೇ.

ನಾವು ಊರ ಹಿಂದಿನ ದಾರಿಯಲ್ಲಿ ಮನೆಗೆ ಹೊರಟೆವು. ನಾನು ಕಂಬಳಿ ಎತ್ತಿಕೊಂಡಿದ್ದೆ. ಹುಣಸೆಮರದ ಹತ್ತಿರ ಮಾವ ನಿಂತರು.

“ಅಂಗಿ ಬ್ಯಾಡ ಅಂದಿದ್ನೇನು ಅವ್ನು?”

ಇಲ್ಲ ಎನ್ನಬಹುದಿತ್ತು.

“ಅಂದಿದ್ರು,” ಎಂದೆ.

ಅವರು ಮತ್ತೆ ನಡೆದರು. ಇನ್ನೇನು ಕೇಳುತ್ತಾರೋ ಎಂದು ಕಾಯುತ್ತಲೇ ಹಿಂದೆ ನಡೆದೆ. ಸೀರೆ ಅವರ ಹೆಗಲ ಮೇಲೆಯೇ ಇತ್ತು. ಮಲ್ಲ ಅದರ ಸೆರಗಿಗೆ ಮೂಗು ತಾಗಿಸಿಕೊಂಡು ನಡೆಯುತ್ತಿತ್ತು.