ದಿಂಬಿನಿಂದ ಅಳೆದ ತೋಟ

ಎಲೆಗಳ ಮೇಲೆ ನೀರು ಬೀಳುವ ಸದ್ದು ನಿಂತುಹೋಯಿತು, ಮಾಲಿ ನಲ್ಲಿ ನಿಲ್ಲಿಸಿರಬೇಕು, ಈಗ ಬಾಗಿಲಿಗೆ ಬಂದು ಕೇಳುತ್ತಾನೆ, ಕೇಳಿಯೇಬಿಟ್ಟ, ಸಾರ್, ಅಮ್ಮ ಹೋಗಿ ತಿಂಗಳಾಯ್ತು, ಈ ಹೂವಿನ ಕಟ್ಟೆ ಇರ್ಲಾ, ಒಡೆದು ಹುಲ್ಲು ಹಾಸಿಬಿಡ್ಲಾ — ಒಡೆಯುವುದೆಂದರೇನು, ಒಂದೊಂದು ಇಟ್ಟಿಗೆಯನ್ನೂ ನಾನೇ ಮುಂದೆ ನಿಂತು ಇಡಿಸಿದ್ದು, ತಾಳಪ್ಪ, ಒಂದ್ಸಲ ಒಳಗಿಂದ ನೋಡಿ ಹೇಳ್ತೀನಿ ಎಂದು ಮಲಗುವ ಕೋಣೆಗೆ ಬಂದಿದ್ದೇನೆ, ಔಷಧಿಯ ವಾಸನೆ ಇನ್ನೂ ಹೋಗಿಲ್ಲ, ಹಾಸಿಗೆಯಲ್ಲಿ ನನ್ನ ಹೆಂಡತಿಯ ಕಡೆ ಒಂದು ತಗ್ಗು, ನನ್ನ ಕಡೆ ಒಂದು, ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಕಡೆ ಬದಲಿಸಿದವರಲ್ಲ, ಗೋಡೆ ಕಡೆ ಅವಳು, ಬಾಗಿಲ ಕಡೆ ನಾನು, ಕಳ್ಳ ಬಂದ್ರೆ ಮೊದಲು ನಿಮ್ಮನ್ನೇ ಹೊತ್ಕೊಂಡು ಹೋಗ್ಲಿ ಅನ್ನುತ್ತಿದ್ದಳು, ಮೊದಲು ಹೋದವಳು ಮಾತ್ರ ಅವಳೇ.

ಇನ್ನು ಎದ್ದು ಕೂರುವುದು ಆಗದು ಎಂದು ಡಾಕ್ಟರು ಹೇಳಿದ ದಿನ ಅವಳು ಕೇಳಿದ್ದು ಇಷ್ಟೇ, ರೀ, ಹಿತ್ತಲಲ್ಲಿ ನಾಲ್ಕು ಹೂವಿನ ಗಿಡ ಹಾಕಿ, ಮಲಗಿದಲ್ಲಿಂದ್ಲೇ ನೋಡ್ತೀನಿ — ನಾಳೆ ಮಾಡೋಣ ನಾಳೆ ಮಾಡೋಣ ಎಂದು ಇಪ್ಪತ್ತು ವರ್ಷ ಮುರಿದ ಕುರ್ಚಿ, ತುಕ್ಕು ಹಿಡಿದ ಡಬ್ಬ ಪೇರಿಸಿಟ್ಟಿದ್ದ ಹಿತ್ತಲು, ನಾಲ್ಕೇ ದಿನದಲ್ಲಿ ಖಾಲಿ ಮಾಡಿಸಿದೆ, ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿದೆ, ಕತ್ತಿನಲ್ಲಿ ಅಳತೆ ಟೇಪು ಮಾತ್ರ ಹಾಗೇ ಇತ್ತು, ಟೇಪು ಹಿಡಿದು ಗಿಡ ನೆಡೋರನ್ನ ಇವತ್ತೇ ನೋಡಿದ್ದು ಸಾರ್ ಎಂದು ಮಾಲಿ ನಕ್ಕ, ಗಿಡಕ್ಕೂ ಲೈನಿಂಗ್ ಕೊಡ್ತೀರಾ ಎಂದು ಅವಳು ಒಳಗಿಂದಲೇ ಕೂಗಿದಳು, ಆಗ ಇನ್ನೂ ಕೂಗುವಷ್ಟು ದನಿ ಇತ್ತು. ಮಲಗಿದವರ ಕಣ್ಣಿಗೆ ನೆಲದ ಹೂ ಎಲ್ಲಿ ಕಾಣಬೇಕು, ಅದಕ್ಕೇ ಅವಳ ಪಕ್ಕ ನಾನೂ ಮಲಗಿ, ದಿಂಬಿಗೆ ತಲೆಯಿಟ್ಟು, ಕಿಟಕಿಯಿಂದ ಮಾಲಿಗೆ ಹೇಳಿದೆ, ಕಟ್ಟೆ ಇನ್ನೆರಡು ಇಟ್ಟಿಗೆ ಸಾಲು ಮೇಲೆ, ಸ್ವಲ್ಪ ಬಲಕ್ಕೆ, ಹಾಂ, ಅಲ್ಲೇ — ಮೊಗ್ಗು ಬಿಟ್ಟ ಗಿಡಗಳನ್ನೇ ತಂದೆ, ಬೀಜ ಹಾಕಿ ಕಾಯುವಷ್ಟು ಪುರುಸೊತ್ತು ನಮಗಿರಲಿಲ್ಲ. ದಿನಾ ಬೆಳಿಗ್ಗೆ ಮಣ್ಣಿನ ಕೈಯಲ್ಲೇ ಒಳಗೆ ಬಂದು, ಕಾಣ್ತಿದೆಯೇನೇ, ಅಂದರೆ, ಕಾಣ್ತಿದೆ ರೀ, ಕಣ್ಣು ತುಂಬಾ ಕಾಣ್ತಿದೆ, ಇವತ್ತು ಯಾವ್ದು ಅರಳಿದೆ ನೀವೇ ಹೇಳಿ, ನಿಮ್ಮ ಬಾಯಲ್ಲಿ ಕೇಳ್ಬೇಕು ಅನ್ನುತ್ತಿದ್ದಳು, ನಾನು ಪೆದ್ದ, ಉಬ್ಬಿಹೋಗಿ ಹೇಳುತ್ತಿದ್ದೆ, ಕೆಂಪು ಡೇರೆ ಹೂ ಎರಡು, ಹಳದಿ ಸೇವಂತಿಗೆ ಲೆಕ್ಕವಿಲ್ಲ, ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ಈಗ ರೂಢಿಯಂತೆ ನನ್ನ ಕಡೆಯೇ ಮಲಗಿದೆ, ಎಲ್ಲಾ ಸರಿಯಾಗಿದೆ, ಕಿಟಕಿ ತುಂಬಾ ಹೂವು, ಇರಲಪ್ಪ ಎಂದು ಕೂಗಬೇಕು, ಅಷ್ಟರಲ್ಲಿ ಅವಳ ದಿಂಬಿನಿಂದ ತಲೆಗೆಣ್ಣೆಯ ವಾಸನೆ, ತಡೆಯಲಾಗಲಿಲ್ಲ, ಅತ್ತ ಹೊರಳಿ ಮುಖ ಒತ್ತಿದೆ, ಎಷ್ಟೋ ಹೊತ್ತು, ಆಮೇಲೆ ಅವಳಂತೆಯೇ ತಲೆ ತಿರುಗಿಸಿ ನೋಡಿದರೆ — ಹೂವಿಲ್ಲ, ಕಿಟಕಿ ಪಕ್ಕದ ಬೀರು ಅಡ್ಡ ಬಂದಿದೆ, ಕಟ್ಟೆ ಇರುವ ಕಡೆಯನ್ನೆಲ್ಲ ಬೀರು ನುಂಗಿದೆ, ಉಳಿದ ಗೇಣಗಲದಲ್ಲಿ ಪಕ್ಕದ ಮನೆಯ ಗೋಡೆ, ಗೋಡೆಗಾನಿಸಿ ನಮ್ಮ ಕಪ್ಪು ನೀರಿನ ಟ್ಯಾಂಕು, ಕತ್ತು ಚಾಚಿದೆ, ದಿಂಬು ಮಡಚಿದೆ, ಇಲ್ಲ, ಒಂದು ದಳವೂ ಇಲ್ಲ, ಟ್ಯಾಂಕು, ಅದರ ಮುಚ್ಚಳ ಹಾರದಿರಲೆಂದು ನಾನೇ ಇಟ್ಟ, ಕಟ್ಟೆಗೆ ಬೇಡವಾಗಿ ಉಳಿದ ಒಂದು ಇಟ್ಟಿಗೆ. ಎರಡೂವರೆ ಅಡಿ, ನನ್ನ ದಿಂಬಿನಿಂದ ಇವಳ ದಿಂಬಿಗೆ ಎರಡೂವರೆ ಅಡಿ, ಟ್ರಯಲ್ ನೋಡದೆ ಯಾರಿಗೂ ಒಂದು ರವಿಕೆ ಕೊಟ್ಟವನಲ್ಲ ನಾನು, ಇವಳಿಗೆ ಮಾತ್ರ ನನ್ನ ಅಳತೆಗೇ ಕತ್ತರಿಸಿಕೊಟ್ಟೆ, ಬೀರು ಸರಿಸಿ ಅಂದಿದ್ದರೆ ಎರಡು ನಿಮಿಷದ ಕೆಲಸವಾಗಿತ್ತಲ್ಲೇ, ಯಾಕೆ ಹೇಳಲಿಲ್ಲ, ನಾನು ಹೊರಗೆ ಗಿಡಗಳ ನಡುವೆ ಖುಷಿಯಲ್ಲಿ ಹಾಡು ಗುನುಗುವುದು ಕೇಳುತ್ತಿತ್ತೇ ನಿನಗೆ, ಅದಕ್ಕೇ ಸುಮ್ಮನಿದ್ದೆಯಾ, ಸಾರ್, ಇರ್ಲಾ ತೆಗೀಲಾ ಎನ್ನುತ್ತಿದ್ದಾನೆ ಮಾಲಿ, ಎರಡು ತಿಂಗಳು, ದಿನವಿಡೀ, ಕಾಣ್ತಿದೆ ರೀ, ಕಣ್ಣು ತುಂಬಾ, ಕಪ್ಪು ಟ್ಯಾಂಕು, ಅದರ ಮೇಲೊಂದು ಇಟ್ಟಿಗೆ, ಕಪ್ಪು ಟ್ಯಾಂಕು, ಇಟ್ಟಿಗೆ —