ಉಡಿಯಕ್ಕಿ

“ಕಾಲ ಸಡ್ಲ ಬಿಡು ಅಂದ್ರ ಮತ್ತ ಬಿಗಿ ಹಿಡೀತಿಯಲ್ಲ, ಗಂಡನ ಮುಂದೂ ಹಿಂಗ ನಾಟಕ ಮಾಡ್ತಿ ಏನ?”

ನರ್ಸು ಸುಜಾತಾಳ ಮೊಣಕಾಲಿಗೆ ಚಟ್ಟನೆ ಹೊಡೆದಳು. ಸುಜಾತಾ ಬೇಕೆಂದು ಬಿಗಿ ಹಿಡಿದಿರಲಿಲ್ಲ. ಯಾರ ಕೈ ಸೋಕಿದರೂ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಗಂಡ ಮಾಳಿಂಗ ಮುಟ್ಟಿದರೂ ಅಷ್ಟೇ. ಆರು ವರ್ಷದಲ್ಲಿ ಮೂರು ಸಲ ಬಸಿರಾಗಿ ಮೂರೂ ಇಳಿದುಹೋಗಿದ್ದವು. ಇನ್ನೂ ಕೂಸಾಗದಿದ್ದರೆ ಮಾಳಿಂಗನಿಗೆ ಅವನ ಅಕ್ಕನ ಮಗಳನ್ನು ತರುವುದೆಂದು ಅತ್ತೆ ರೇವವ್ವ ಮಾತಾಡಿ ಇಟ್ಟಿದ್ದಳು.

ಡಾಕ್ಟರಮ್ಮ ಸ್ಕ್ಯಾನಿಂಗ್ ಮಷೀನಿನಿಂದ ಕಣ್ಣು ತೆಗೆಯದೆ ಕೇಳಿದಳು. “ಲಗ್ನಕ್ಕ ಮೊದಲ ಹೊಟ್ಟಿ ತಗಿಸಿದ್ದೇನು? ಗರ್ಭಚೀಲದೊಳಗ ಹಳೇ ಗಾಯ ಇದ್ದಂಗ ಕಾಣ್ತದ. ಇದ್ದದ್ದು ಹೇಳು, ಅದಕ್ಕ ಬ್ಯಾರೆ ಇಲಾಜ ಅದ.”

ರೇವವ್ವ ಬಾಗಿಲಲ್ಲೇ ನಿಂತಿದ್ದಳು. ಸುಜಾತಾ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಊರ ಗೌಡನ ಹೆಂಡತಿ ಗೌಡಶಾನಿ ಉತ್ತರ ಕೊಟ್ಟಳು. “ಇಲ್ರಿ ಡಾಕ್ಟ್ರ. ಈಕಿ ನಮ್ಮ ನಿಂಬಿ ತ್ವಾಟದಾಗ ಕಾಯಿ ಆರಿಸಿ ಬೆಳೆದಾಕಿ. ನನಗ ಗೊತ್ತಿಲ್ಲದ್ದೇನೈತಿ?”

ಅದು ಖರೆ. ಸುಜಾತಾ ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಿಂಬೆ ಆರಿಸಲು ಹೋಗುತ್ತಿದ್ದ ವರ್ಷ, ಗೌಡ ಬಸವಂತರಾಯ ಅವಳನ್ನು ತೋಟದ ಮೋಟಾರು ಮನೆಗೆ ಎಳೆದುಕೊಂಡಿದ್ದ. ಬಸಿರು ನಿಂತು ಮೂರು ತಿಂಗಳಿಗೆ ಸಿಂದಗಿಯ ಹಿತ್ತಲ ಕೋಣೆಯೊಂದಕ್ಕೆ ಕರೆದೊಯ್ದವಳು ಇದೇ ಗೌಡಶಾನಿ. ಸೂಲಗಿತ್ತಿ ಕಡ್ಡಿ ಹಾಕುವಾಗ ಕಿರುಚದಂತೆ ಬಾಯಿ ಒತ್ತಿ ಹಿಡಿದವಳೂ ಇವಳೇ. ಇಂದು ತನ್ನ ಕಾರಿನಲ್ಲಿ ಇಂಡಿ ಪಟ್ಟಣದ ದವಾಖಾನೆಗೆ ಕರೆತಂದದ್ದೂ ಆ ಬಾಯಿ ಕಾಯಲಿಕ್ಕೆ. ಏನೂ ಅರಿಯದ ರೇವವ್ವನಿಗೆ ಮಾತ್ರ ಗೌಡಶಾನಿ ದೇವರು.

“ನೀ ಹೇಳವಾ,” ಎಂದಳು ಡಾಕ್ಟರಮ್ಮ.

ಸುಜಾತಾ ಅತ್ತೆಯ ಮುಖ ನೋಡಿದಳು. ಹೌದೆಂದರೆ ಇಲಾಜು ಸಿಗುತ್ತಿತ್ತು, ಮನೆ ಹೋಗುತ್ತಿತ್ತು.

“ಇಲ್ರಿ.”

ಡಾಕ್ಟರಮ್ಮ ಶಕ್ತಿಯ ಗುಳಿಗೆ ಬರೆದುಕೊಟ್ಟು ಮುಂದಿನವರನ್ನು ಕರೆದಳು.

ಊರಿಗೆ ಬಂದ ಮೇಲೆ ಗೌಡಶಾನಿ, ಕೂಸಾಗಲಿ ಎಂದು ಉಡಿ ತುಂಬಲು ಕರೆದಳು. ಒಳಗಲ್ಲ, ಕೇರಿಯವರು ನಿಲ್ಲುವ ಕಟ್ಟೆಯ ಕೆಳಗೆ. ಸುಜಾತಾ ಸೆರಗೊಡ್ಡಿ ನಿಂತಳು. ಎಲ್ಲಿ ಸೋಕೀತೋ ಎಂದು ಗೌಡಶಾನಿ ಮೊರವನ್ನು ಮೇಲಿಂದಲೇ ಬಗ್ಗಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಬಿದ್ದವು. ಸಿಂದಗಿಯಲ್ಲಿ ಬಾಯಿ ಒತ್ತಿದ ದಿನ ಮಾತ್ರ ಆ ಕೈಗೆ ಮೈಲಿಗೆ ತಟ್ಟಿರಲಿಲ್ಲ. ಕೊನೆಗೆ ತೋಟದ ಐದು ನಿಂಬೆಹಣ್ಣು ಬಿದ್ದವು. ಮೋಟಾರು ಮನೆಯ ವಾಸನೆ ಮೂಗಿಗೆ ಬಡಿಯಿತು, ಸೆರಗು ಹಿಡಿದ ಕೈ ತಾನಾಗಿ ಬಿಟ್ಟಿತು.

“ಥೂ ಬೋಸಡಿ, ತುಂಬಿದ ಉಡಿ ಚೆಲ್ಲತಾರೇನ? ಅದಕ್ಕ ನಿನ್ನ ಹೊಟ್ಟ್ಯಾಗ ಒಂದೂ ನಿಂದ್ರೂದಿಲ್ಲ.” ರೇವವ್ವ ಬೈಯುತ್ತಲೇ ಮಣ್ಣಿನಲ್ಲಿ ಮಂಡಿಯೂರಿ ಅಕ್ಕಿ ಬಳಿಯತೊಡಗಿದಳು. “ತಪ್ಪಾತ್ರಿ ಅವ್ವಾರ, ಹೊಟ್ಟ್ಯಾಗ ಹಾಕ್ಕೋರಿ.”

ಸುಜಾತಾಳಿಗೆ ಅಳು ಬರಲಿಲ್ಲ. ಇನ್ನು ಹೋಗುವ ಮನೆ ಇಲ್ಲವೆಂದು ಗೊತ್ತಿದ್ದೇ ಕೇಳಿದಳು. “ಅವ್ವಾರ, ಸಿಂದಗ್ಯಾಗ ನನ್ನ ಹೊಟ್ಟ್ಯಾಗಿಂದ ತಗಿಸಿದ್ರಲ್ಲ, ನಿಮ್ಮ ಗೌಡರ ಕೂಸು, ಅದನ್ನ ಎಲ್ಲಿ ಹುಗಿಸಿದ್ರಿ?”

ಗೌಡಶಾನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ರೇವವ್ವ ಏಳಲಿಲ್ಲ. ಮುಷ್ಟಿಯಲ್ಲಿ ಮಣ್ಣು ಬೆರೆತ ಅಕ್ಕಿ ಹಿಡಿದು, ಸೊಸೆಯ ಖಾಲಿ ಸೆರಗನ್ನೇ ನೋಡುತ್ತ ಕೂತಳು.